ಮೂರನೇ ಪರದೆಯ ಬಾಗಿಲು

ಒಂಬತ್ತನೇ ಕಂತು

ಮೂರನೇ ಪರದೆಯಲ್ಲಿ ಬಾಗಿಲು ಖಾಲಿ ಇರಲಿಲ್ಲ.

ಅದೇ ಫೋಟೋ ಇದ್ದ ಎರಡನೆಯದನ್ನು ನೋಡಿದೆ. ಖಾಲಿ. ನಾಲ್ಕನೆಯದನ್ನು ನೋಡಿದೆ. ಅದೂ ಖಾಲಿ, ಇದ್ದಿಲು ತುಂಬಿಟ್ಟ ಹಾಗೆ ಕಪ್ಪು. ಮತ್ತೆ ಮೂರನೆಯದಕ್ಕೆ ಬಂದೆ. ಅದರಲ್ಲಿ ಮಾತ್ರ, ಸ್ಮೈಲಣ್ಣನ ಬೆನ್ನ ಹಿಂದೆ, ಸ್ಟುಡಿಯೋ ಉಗ್ರಾಣದ ಬಾಗಿಲ ಚೌಕಟ್ಟಿನೊಳಗೆ ಯಾರೋ ನಿಂತಿದ್ದರು.

ಅಂಗಡಿಯ ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಮೇಡಂ, ಹುಷಾರಿದೀರಾ? ಕುರ್ಚಿ ತರಿಸ್ಲಾ?" ಅಂದಳು ಮಾನಿಟರ್ ತೋರಿಸುತ್ತಿದ್ದ ಅಂಗಡಿಯಾಕೆ. ನಡುವಯಸ್ಸಿನವಳು. ಕನ್ನಡಕ ಸರಪಳಿಯಲ್ಲಿ ಎದೆಯ ಮೇಲೆ ತೂಗುತ್ತಿತ್ತು.

"ಈ ಮೂರನೇದು... ಇದು ಯಾಕೆ ಹೀಗೆ ತೋರಿಸ್ತಿದೆ?"

"ಹೀಗೆ ಅಂದ್ರೆ?"

"ಕಪ್ಪೊಳಗೆ ಏನೋ ಇದೆ."

ಆಕೆ ಕನ್ನಡಕ ಏರಿಸಿ ಬಗ್ಗಿದಳು. "ಹೌದಲ್ಲ, ಯಾರೋ ನಿಂತಿದಾರೆ. ಅದು ಹಾಗೇ ಮೇಡಂ, ಇದು ಫೋಟೋ ತಿದ್ದೋರಿಗೆ ಅಂತಲೇ ಮಾಡಿದ್ದು. ಸಿನಿಮಾ ನೋಡೋರಿಗೆ ಕಪ್ಪು ಅಂದ್ರೆ ಕಪ್ಪಾಗೇ ಇರಬೇಕು, ಆಗ್ಲೇ ಮಜಾ. ನಿಮ್ಮಂಥೋರಿಗೆ ಕಪ್ಪೊಳಗೆ ಏನಿದೆ ಅಂತ ಕಾಣಬೇಕು. ಬೇಕಾದ್ರೆ ಇದರಲ್ಲೂ ಸಿನಿಮಾ ಮೋಡ್ ಇದೆ. ಕೆಳಗಡೆ ಬಟನ್, ಒಂದ್ಸಲ ಒತ್ತಿದ್ರೆ ಸಾಕು."

ಒತ್ತಿದಳು. ಬಾಗಿಲಲ್ಲಿದ್ದ ಮನುಷ್ಯ ಮಾಯವಾದ. ಇನ್ನೊಮ್ಮೆ ಒತ್ತಿದಳು. ಬಂದು ನಿಂತ.

"ನೋಡಿದ್ರಾ? ಒಂದೇ ಪರದೆ, ಎರಡು ಕೆಲಸ. ಮನೇಲಿ ಜಗಳ ಇರಲ್ಲ."

ಜಗಳ ಇರಲ್ಲವಂತೆ! ನನ್ನ ತಮ್ಮ ಹನ್ನೆರಡು ದಿನದಿಂದ ಕಂಬಿ ಹಿಂದೆ ಕೂತಿದ್ದಾನೆ, ಈಕೆಗೆ ಜಗಳದ ಚಿಂತೆ. ಪಾಪ, ಆಕೆಗೇನು ಗೊತ್ತು.

ಈ ಫೋಟೋ ಸ್ಮೈಲಣ್ಣನ ಕೊನೆಯ ಫೋಟೋ. ಎದುರಿಗೆ ಕೂತವರಿಗೆಲ್ಲ "ಸ್ಮೈಲ್, ಸ್ಮೈಲ್" ಅಂದು ಅಂದು ಆ ಹೆಸರು ಸಂಪಾದಿಸಿದ ಸ್ಟುಡಿಯೋದವನು. ಆತ ತೆಗೆದ ಫೋಟೋಗಳನ್ನು ಹತ್ತು ವರ್ಷದಿಂದ ಮನೆಯಲ್ಲಿ ಕೂತು ತಿದ್ದಿಕೊಡುತ್ತಿದ್ದವಳು ನಾನು. ಹದಿಮೂರು ದಿನದ ಹಿಂದೆ, ಸಂಜೆ ನಾಲ್ಕೂ ಹತ್ತಕ್ಕೆ, ಹೊಸ ದೀಪ ಪರೀಕ್ಷಿಸಲು ಕ್ಯಾಮೆರಾಕ್ಕೆ ಟೈಮರ್ ಇಟ್ಟು ತನ್ನದೇ ಫೋಟೋ ತೆಗೆದುಕೊಂಡ. ಐದೇ ನಿಮಿಷದಲ್ಲಿ ಅದೇ ದೀಪದ ಕಬ್ಬಿಣದ ಕಂಬದಿಂದ ತಲೆಗೆ ಏಟು ತಿಂದು ಸತ್ತ. ಆಗ ಮುಂದಿನ ಕೋಣೆಯಲ್ಲಿದ್ದವನು ಒಬ್ಬನೇ, ರಿಪೇರಿಯಾದ ಕ್ಯಾಮೆರಾ ಕೊಡಲು ಬಂದಿದ್ದ ನನ್ನ ತಮ್ಮ.

"ಒಳಗೆ ಇನ್ಯಾರೋ ಇದ್ರು, ಮಾತು ಕೇಳಿಸ್ತು" ಎಂದು ತಮ್ಮ ಬಾಯಿ ಬಡಿದುಕೊಂಡ. ಮರುದಿನ ಬೆಳಗ್ಗೆ ಇನ್ಸ್‌ಪೆಕ್ಟರ್ ಈ ಫೋಟೋ ಹಿಡಿದು ನಮ್ಮ ಮನೆಗೇ ಬಂದರು.

"ಹಿಂದೆ ಯಾರಾದ್ರೂ ಕಾಣ್ತಾರಾ, ನೋಡಿ ಹೇಳಿ. ಆದ್ರೆ ಏನೂ ತಿದ್ದಬೇಡಿ. ಆರೋಪಿ ಅಕ್ಕ ನೀವು, ನಾಳೆ ಕೋರ್ಟಲ್ಲಿ ಮಾತು ಬರುತ್ತೆ."

ತಿದ್ದಬೇಡಿ ಅಂದಮೇಲೆ ಮುಟ್ಟುತ್ತೇನೆಯೇ? ಬೆಳಕು ಏರಿಸಲಿಲ್ಲ, ಇಳಿಸಲಿಲ್ಲ. ಅರ್ಧ ಗಂಟೆ ಕಣ್ಣು ಕೀಲಿಸಿ ನೋಡಿದೆ. ನನ್ನ ಮಾನಿಟರು ಹತ್ತು ವರ್ಷದಲ್ಲಿ ನನಗೆ ಸುಳ್ಳು ಹೇಳಿರಲಿಲ್ಲ. ನಮ್ಮ ಕಸುಬಿನವರು ಗಂಡನನ್ನು ನಂಬದಿದ್ದರೂ ಪರದೆಯನ್ನು ನಂಬುತ್ತೇವೆ.

"ಯಾರೂ ಇಲ್ಲ ಸರ್" ಅಂದೆ.

ಸ್ವಂತ ಅಕ್ಕನೇ ಹೇಳಿದ ಮೇಲೆ ಇನ್ನೇನಿದೆ? ಅವತ್ತೇ ಸಂಜೆ ತಮ್ಮನನ್ನು ಎಳೆದುಕೊಂಡು ಹೋದರು. ನಾಳೆ ಬೆಳಗ್ಗೆ ಹನ್ನೊಂದು ಗಂಟೆಗೆ ನಾನು ಕೋರ್ಟಿನಲ್ಲಿ ನಿಂತು ಅದೇ ಮಾತನ್ನು ಇನ್ನೊಮ್ಮೆ ಹೇಳಬೇಕಿತ್ತು.

"ಮಾವಾ" ಅಂದೆ.

ಸೋದರಮಾವ ಗೋಡೆ ಪಕ್ಕದ ಕುರ್ಚಿಯಿಂದ ಎದ್ದು ಬಂದರು. ಈ ಫೋಟೋವನ್ನು ಪೆನ್‌ಡ್ರೈವಿನಲ್ಲಿ ತಾ ಎಂದು ನನಗೊಬ್ಬಳಿಗೇ ಹೇಳಿದ್ದವರು ಅವರೇ. ಹೊಸ ಮಾನಿಟರ್ ಕೊಳ್ಳಲು ಆರಿಸುವಾಗ ಅಂಗಡಿಯವರು ತೋರಿಸುವ ಹೂವು, ಗಿಳಿಗಳನ್ನು ನೋಡಿ ಬಾಯಿ ಬಿಡಬಾರದು, ನಮಗೆ ಬಾಯಿಪಾಠ ಬರುವ ಫೋಟೋ ಒಯ್ಯಬೇಕು ಎನ್ನುವುದು ನಮ್ಮ ಕಸುಬಿನ ಮಾತು. "ನಿಂಗೆ ಈಗ ಬಾಯಿಪಾಠ ಇರೋದು ಒಂದೇ ಫೋಟೋ ಅಲ್ವಾ?" ಎಂದಿದ್ದರು ಮಾವ.

ಮಾವ ಮೂರನೇ ಪರದೆಯನ್ನು ಬಹಳ ಹೊತ್ತು ನೋಡಿದರು.

"ಮುಖ ಕಾಣಲ್ಲ" ಅಂದರು.

"ಮುಖ ಬೇಡ ಮಾವ. ತೋಳು ನೋಡಿ."

ಮುಖಕ್ಕೆ ಮೇಲಿಂದ ಇಳಿಬಿಟ್ಟ ಬಟ್ಟೆ ಅಡ್ಡ ಬಂದಿತ್ತು. ಕತ್ತಿನಿಂದ ಕೆಳಗೆ ಮಾತ್ರ ಇತ್ತು. ಎಡಗೈ ಎತ್ತಿ ಚೌಕಟ್ಟನ್ನು ಹಿಡಿದಿತ್ತು, ಬಲಗೈ ಎದೆ ಮೇಲೆ ಮಡಚಿತ್ತು. ಹಸಿರು ಸ್ವೆಟರು. ಎಡತೋಳಿಗೆ ಮೂರು ಬಿಳಿ ಪಟ್ಟೆ. ಬಲತೋಳಿಗೆ ಎರಡು.

ಅಂಥ ಸ್ವೆಟರು ಲೋಕದಲ್ಲಿ ಒಂದೇ ಇರುವುದು. ಹೆಣೆದವರು ನಮ್ಮ ಅತ್ತೆ, ಗಂಡನ ತಾಯಿ. ಬಲತೋಳಿಗೆ ಬರುವಷ್ಟರಲ್ಲಿ ಬಿಳಿ ಉಣ್ಣೆ ಮುಗಿದುಹೋಯಿತು. "ಒಂದು ಪಟ್ಟೆ ಕಮ್ಮಿಯಾದ್ರೆ ಆಕಾಶ ಬೀಳುತ್ತಾ? ಆ ಕೈ ಜೇಬಲ್ಲಿಟ್ಕೊಳ್ಳಿ" ಎಂದು ಮನೆಯವರ ಬಾಯಿ ಮುಚ್ಚಿಸಿದ್ದರು. ಚಳಿ ಬಂದಾಗ ಯಾರ ಕೈಗೆ ಸಿಕ್ಕರೆ ಅವರು ಹಾಕಿಕೊಳ್ಳುತ್ತಿದ್ದರು. ಆದರೆ ವರ್ಷದಲ್ಲಿ ಮುಕ್ಕಾಲು ದಿನ ಅದು ನನ್ನ ಮೈದುನನ ಮೈಮೇಲೇ ಇರುತ್ತಿತ್ತು.

ಇವತ್ತೂ ಇತ್ತು. ಅಂಗಡಿಯ ಕೊನೆಯಲ್ಲಿ ಸಿನಿಮಾ ತೋರಿಸಲು ಒಂದು ಗಾಜಿನ ಕೋಣೆ ಮಾಡಿದ್ದರು. ಒಳಗೆ ಕತ್ತಲೆ, ಸೋಫಾ, ಗೋಡೆಯಷ್ಟು ದೊಡ್ಡ ಪರದೆ. ಗಾಜಿನಾಚೆ ಅವನು ಕಾಲು ಚಾಚಿ ಕೂತಿದ್ದ. ಪರದೆಯ ಬೆಳಕು ತೋಳ ಮೇಲೆ ಬಿದ್ದಾಗಲೆಲ್ಲ ಪಟ್ಟೆಗಳು ಹೊಳೆಯುತ್ತಿದ್ದವು. ಬೇಡ ಬೇಡ ಅಂದರೂ ಎಣಿಸಿದೆ. ಮೂರು. ಎರಡು.

ತಿರುಗಿ ಪರದೆಯ ಮೇಲಿನವನ್ನೂ ಎಣಿಸಿದೆ. ಅಲ್ಲೂ ಅಷ್ಟೇ.

ಅವನನ್ನು ಮನೆಯಲ್ಲಿ ಎಲ್ಲರೂ ಕರೆಯುವುದು ಇಂಟರ್ವಲ್ ಎಂದು. ಯಾವ ಕೆಲಸವನ್ನೂ ಅರ್ಧಕ್ಕೇ ಬಿಟ್ಟು ಎದ್ದು ಹೋಗುವವನು, ಸಿನಿಮಾ ಒಂದನ್ನು ಬಿಟ್ಟು. ನಾನು ಕೆಲಸ ಮುಗಿಸಿ ಎದ್ದ ಕೂಡಲೇ ನನ್ನ ಕುರ್ಚಿ ಅವನದು, ನನ್ನ ಮಾನಿಟರು ಅವನ ಟಾಕೀಸು. ನೊಣ ಹೊಡೆಯಲೂ ಸೋಮಾರಿತನ. ಅವನು ಕೊಲೆ ಮಾಡುತ್ತಾನೆ ಎಂದರೆ ನಂಬುವುದು ಹೇಗೆ?

"ಇದು ಮನೇಲಿ ಯಾಕೆ ಕಾಣಲಿಲ್ಲ?" ಎಂದು ಮಾವ ಕೇಳಿದರು.

ಆ ಪ್ರಶ್ನೆಗೆ ಉತ್ತರ ನನ್ನ ಎದುರಿಗೇ ಇತ್ತು. ಅಂಗಡಿಯಾಕೆ ಈಗತಾನೇ ಬೆರಳಲ್ಲಿ ಒತ್ತಿ ತೋರಿಸಿದ್ದಳು.

"ಮಾವ, ಲ್ಯಾಬಿನೋರು ಬೈದಿದ್ದು ನಿಮಗೆ ಹೇಳಿದ್ನಾ?"

"ಯಾವ ಲ್ಯಾಬು?"

"ಫೋಟೋ ಪ್ರಿಂಟ್ ಹಾಕೋರು. ಇನ್ಸ್‌ಪೆಕ್ಟರ್ ಬಂದು ಹೋದ ಮೇಲೆ, ಅವತ್ತೇ, ಒಂದು ಶಾಲೆಯ ಮಕ್ಕಳ ಫೋಟೋ ತಿದ್ದಿ ಕಳಿಸಿದ್ದೆ. 'ಏನಮ್ಮಾ, ಮಕ್ಕಳ ಮುಖಕ್ಕೆಲ್ಲ ಸುಣ್ಣ ಬಳಿದು ಕಳ್ಸಿದೀಯಾ?' ಅಂತ ಫೋನಲ್ಲೇ ಉಗಿದ್ರು. ಅತ್ತು ಅತ್ತು ಕಣ್ಣು ಮಂಜಾಗಿತ್ತು, ಅದಕ್ಕೇ ಅಂತ ಅಂದ್ಕೊಂಡೆ. ಕಣ್ಣಲ್ಲ ಮಾವ. ಪರದೆ! ಪರದೆ ಕಪ್ಪಾಗಿತ್ತು, ಅದಕ್ಕೆ ನಾನು ಬೆಳಕು ಜಾಸ್ತಿ ಮಾಡಿದೀನಿ. ಯಾರೋ ಸಿನಿಮಾ ಮೋಡಿಗೆ ಹಾಕಿಟ್ಟಿದ್ರು!"

"ಆಮೇಲೆ ಎರಡೇ ದಿನಕ್ಕೆ ಅದು ಬಿದ್ದು ಒಡೀತು."

"ಹೌದು. ಗಾಳಿಗೆ."

ಐದು ಕಿಲೋ ತೂಕದ ಮಾನಿಟರು ಕಿಟಕಿಯ ಗಾಳಿಗೆ ಬೋರಲು ಬಿತ್ತಂತೆ. ಹಾಗೆಂದು ಮನೆಯವರೆಲ್ಲ ಒಪ್ಪಿಬಿಟ್ಟರು. ಅದೇ ಮೇಜಿನ ಮೇಲಿದ್ದ ಕಾಗದ ಒಂದೂ ಅಲ್ಲಾಡಿರಲಿಲ್ಲ. ತಮ್ಮನ ಚಿಂತೆಯಲ್ಲಿ ನಾನೂ ಸುಮ್ಮನಾಗಿದ್ದೆ. ನನ್ನ ಬುದ್ಧಿಗೆ ಏನು ಬಡಿದಿತ್ತೋ!

ಮಾವ ಗಾಜಿನ ಕೋಣೆಯ ಕಡೆ ನೋಡಿದರು. "ನಿನ್ನ ಗಂಡ ಎಲ್ಲಿ?"

"ಕಾರು ನಿಲ್ಲಿಸೋಕೆ ಜಾಗ ಸಿಗ್ಲಿಲ್ಲ ಅಂತ ಸುತ್ತು ಹೊಡೀತಿದಾರೆ."

"ಅವನು ಬರೋದ್ರೊಳಗೆ ಇವನನ್ನ ವಿಚಾರಿಸೋಣ ಬಾ. ನೀನು ಬಾಯಿ ಬಿಡಬೇಡ."

"ನಂಗೆ ಹೆದರಿಕೆ ಮಾವ."

"ನಂಗೂನೂ" ಅಂದರು ಮಾವ. ಅದನ್ನು ಕೇಳಿ ನನ್ನ ಹೆದರಿಕೆ ಇಮ್ಮಡಿಯಾಯಿತು.

ಗಾಜಿನ ಬಾಗಿಲು ಹಿಂದೆ ಮುಚ್ಚಿಕೊಂಡಿತು. ಒಳಗಿನ ಸದ್ದಿಗೆ ಎದೆಗೂಡು ಅದುರಿತು. ಇಲ್ಲಿ ಕೂಗಿದರೆ ಹೊರಗೆ ಕೇಳುವುದಿಲ್ಲ ಎಂಬುದು ಆ ಕ್ಷಣಕ್ಕೇ ಹೊಳೆಯಿತು.

"ಅತ್ತಿಗೆ! ಈ ಕಪ್ಪು ನೋಡಿ, ಹೇಗಿದೆ!" ಇಂಟರ್ವಲ್ ತಿರುಗದೆಯೇ ಕೂಗಿದ. "ಇದನ್ನೇ ತಗೊಳ್ಳೋಣ. ನಿಮಗೆ ಫೋಟೋ, ನಂಗೆ ಸಿನಿಮಾ. ನಿಮ್ಮ ಫೋಟೋನೂ ಇದರಲ್ಲಿ ಜಬರ್‌ದಸ್ತಾಗಿ ಕಾಣುತ್ತೆ."

ಮಾವ ರಿಮೋಟು ತೆಗೆದುಕೊಂಡು ಸದ್ದು ಅಡಗಿಸಿದರು. ಅವನ ಎದುರಿಗೆ ಕೂತು ತಮ್ಮ ಎರಡೂ ಕೈಗಳನ್ನು ಮೊಣಕಾಲ ಮೇಲೆ ಚಾಚಿಟ್ಟರು. ತೋರುಬೆರಳುಗಳು ತುದಿಯಲ್ಲಿ ಸ್ವಲ್ಪ ಬಾಗಿವೆ.

ಈ ಬೆರಳುಗಳ ಕತೆ ಹೇಳಿಬಿಡುತ್ತೇನೆ. ಮಾವ ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಬೆರಳಚ್ಚುಗಾರರಾಗಿದ್ದರು. ಅಂದರೆ ಟೈಪು ಹೊಡೆಯುವವರು. ಆದರೆ ಕೋರ್ಟು ಮತ್ತು ಬೆರಳಚ್ಚು ಎರಡನ್ನೂ ಒಟ್ಟಿಗೆ ಕೇಳಿದವರ ತಲೆ ಸೀದಾ ಕಳ್ಳರ ಬೆರಳ ಗುರುತಿಗೇ ಓಡುತ್ತದೆ. ಮಾವ ಯಾರನ್ನೂ ತಿದ್ದುವ ಗೋಜಿಗೆ ಹೋಗಲಿಲ್ಲ. "ಮರ್ಯಾದೆ ಜಾಸ್ತಿ ಸಿಗುತ್ತೆ, ಬಿಡು" ಅನ್ನುತ್ತಿದ್ದರು. ನನ್ನ ಮದುವೆಯಲ್ಲಿ "ಬೆರಳಚ್ಚು ಮಾವ" ಎಂದು ಪರಿಚಯ ಮಾಡಿಸಿದಾಗಿನಿಂದ ಇಂಟರ್ವಲ್ ಅವರ ಕೈಗೆ ಲೋಟ ಕೊಡುವ ಮುಂಚೆ ಒಮ್ಮೆ ಒರೆಸಿ ಕೊಡುತ್ತಿದ್ದ. ನಾವು ಅಡುಗೆಮನೆಯಲ್ಲಿ ಬಿದ್ದು ಬಿದ್ದು ನಗುತ್ತಿದ್ದೆವು.

ಈಗ ಯಾರಿಗೂ ನಗು ಬರಲಿಲ್ಲ.

"ಒಡೆದುಹೋದ ಮಾನಿಟರು ಎಲ್ಲಿದೆ, ಗೊತ್ತಾ?" ಮಾವ ನಿಧಾನವಾಗಿ ಕೇಳಿದರು.

"ಗುಜರಿಗೆ ಹಾಕಿದ್ವಲ್ಲ."

"ಹಾಕಿಲ್ಲ. ನನ್ನ ಮನೇಲಿದೆ. ಬಟ್ಟೇಲಿ ಸುತ್ತಿಟ್ಟಿದೀನಿ, ಯಾರೂ ಮುಟ್ಟಬಾರದು ಅಂತ. ಅದರ ಕೆಳಗೆ ನಾಲ್ಕು ಬಟನ್ ಇದಾವೆ."

ಇಂಟರ್ವಲ್ ಚಾಚಿದ್ದ ಕಾಲು ಒಳಗೆಳೆದುಕೊಂಡ.

"ನನ್ನ ಕೆಲಸ ಏನಾಗಿತ್ತು ಅಂತ ನಿಂಗೆ ಗೊತ್ತಲ್ಲ?"

"ಗೊತ್ತು ಮಾವ. ಬೆರಳಚ್ಚು."

"ಹೌದು. ಬೆರಳಚ್ಚು."

ಮಾವ ಒಂದಕ್ಷರ ಸುಳ್ಳು ಹೇಳಲಿಲ್ಲ. ಆದರೆ ಇಂಟರ್ವಲ್ ತನ್ನ ಬಲಗೈಯ ಹೆಬ್ಬೆರಳನ್ನು ಮೆಲ್ಲಗೆ ಪ್ಯಾಂಟಿಗೆ ಒರೆಸಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಥೇಟು ಹಾಗೆ.

"ಒತ್ತಿದ್ದು ನಾನೇ ಮಾವ" ಅಂದ. "ಆದ್ರೆ ಬರೀ ಒತ್ತಿದ್ದು. ದೇವರಾಣೆ, ಒಡೆದಿದ್ದು ನಾನಲ್ಲ."

"ಯಾವಾಗ ಒತ್ತಿದೆ?"

"ಇನ್ಸ್‌ಪೆಕ್ಟರ್ ಬಂದ್ರಲ್ಲ, ಅವತ್ತು ಬೆಳಗ್ಗೆ. ಒಂಬತ್ತು ಗಂಟೆ ಇರಬಹುದು. ಅತ್ತಿಗೆ ಸ್ನಾನಕ್ಕೆ ಹೋಗಿದ್ರು."

"ಸಿನಿಮಾ ನೋಡೋಕಾ?"

"ಅಲ್ಲ."

"ಮತ್ತೆ?"

ಅವನು ನನ್ನ ಕಡೆ ನೋಡಿದ. ಹೊಡೆಯಲು ಕೈ ಎತ್ತಿದರೆ ಮಗು ನೋಡುತ್ತದಲ್ಲ, ಆ ನೋಟ.

"ಅಣ್ಣ ಹೇಳಿದ" ಅಂದ.

ನನಗೆ ಮೊದಲು ಅರ್ಥವಾಗಲಿಲ್ಲ. ಯಾವ ಅಣ್ಣ, ಯಾರ ಅಣ್ಣ ಎಂದು ಯೋಚಿಸಿದೆ. ಇವನಿಗೆ ಇರುವುದು ಒಬ್ಬನೇ ಅಣ್ಣ.

"ಅಣ್ಣ ಕೆಲಸದ ಜಾಗದಿಂದ ಫೋನ್ ಮಾಡಿದ್ದ. 'ನಿನ್ನ ಅತ್ತಿಗೆ ರಾತ್ರಿಯಿಂದ ಅಳ್ತಿದಾಳೆ, ಕಣ್ಣು ಉರಿ ಅಂತಾಳೆ. ಪರದೆ ಸಿನಿಮಾ ಮೋಡಿಗೆ ಹಾಕಿಬಿಡು, ಬೆಳಕು ಚುಚ್ಚಲ್ಲ. ಹೇಳಿದ್ರೆ ಬೇಡ ಅಂತಾಳೆ, ಹೇಳ್ಬೇಡ' ಅಂದ. ಒಳ್ಳೇದಕ್ಕೇ ಅಲ್ವಾ ಅಂತ ಹಾಕಿದೆ. ಅದರಲ್ಲಿ ತಪ್ಪೇನಿದೆ ಅತ್ತಿಗೆ? ಮಾವ, ಅದಕ್ಕೆಲ್ಲ ಜೈಲಿಗೆ ಹಾಕ್ತಾರಾ?"

ಮಾವ ಇನ್ನೊಂದು ಪ್ರಶ್ನೆ ಹಾಕಿದರು. "ಸ್ಮೈಲಣ್ಣ ಸತ್ತ ದಿನ ಸಂಜೆ ನಾಲ್ಕಕ್ಕೆ ಎಲ್ಲಿದ್ದೆ?"

"ಮನೇಲಿ. ಅತ್ತಿಗೆ ಮಾರ್ಕೆಟ್ಟಿಗೆ ಹೋಗಿದ್ರು. ನಾನು ಹೊದ್ದು ಮಲಗಿದ್ದೆ, ಚಳಿ ಅಂದ್ರೆ ಚಳಿ."

"ಹೊದ್ದು ಯಾಕೆ? ಈ ಸ್ವೆಟರ್ ಇತ್ತಲ್ಲ."

"ಎಲ್ಲಿತ್ತು? ಅವತ್ತು ಬೆಳಗ್ಗೇನೇ ಅಣ್ಣ ಹಾಕ್ಕೊಂಡು ಹೋಗಿದ್ನಲ್ಲ."

ಹೇಳಿದ ಮೇಲೂ ಅವನಿಗೆ ತಾನೇನು ಹೇಳಿದೆನೆಂದು ಗೊತ್ತಾಗಲಿಲ್ಲ. ಫೋಟೋದಲ್ಲಿ ಯಾರಿದ್ದಾರೆಂದು ಅವನು ನೋಡಿಯೇ ಇಲ್ಲವಲ್ಲ.

ಮಾವ ನನ್ನ ತೋಳು ಹಿಡಿದು ಬಾಗಿಲವರೆಗೆ ಕರೆತಂದರು. ಕಿವಿಯ ಹತ್ತಿರ ಬಗ್ಗಿದರು.

"ಇವನು ನಿಜ ಹೇಳ್ತಿದಾನೆ. ಸುಳ್ಳು ಹೇಳೋನು ಉತ್ತರ ಕೊಡೋಕೆ ಮುಂಚೆ ಪ್ರಶ್ನೇನ ಇನ್ನೊಂದ್ಸಲ ತಾನೇ ಹೇಳ್ತಾನೆ, ಟೈಮು ಸಿಗಲಿ ಅಂತ. ಮೂವತ್ತೊಂದು ವರ್ಷ ಟೈಪ್ ಹೊಡೆದೂ ಹೊಡೆದೂ ನನ್ನ ಬೆರಳು ಬಾಗಿದ್ದು ಆ ಎರಡನೇ ಸಲದ ಪ್ರಶ್ನೆಗಳಿಂದಲೇ. ಇವನು ಒಂದೂ ಹಾಗೆ ಹೇಳಲಿಲ್ಲ."

"ನಮ್ಮನೆಯವರು ಸ್ಟುಡಿಯೋದ ಮೆಟ್ಟಿಲೂ ಹತ್ತಿಲ್ಲ ಅಂತ ಪೊಲೀಸರ ಹತ್ರ ಹೇಳಿದಾರೆ ಮಾವ. ನಾನೂ ಹೌದು ಅಂತ ಹೇಳಿದೀನಿ. ಸ್ಮೈಲಣ್ಣನ ಫೋಟೋ ಹಿಡಿದು ಯಾರೇ ಆದ್ರೂ ನನ್ನ ಹತ್ರಾನೇ ಬರ್ತಾರೆ ಅಂತ ಅವರಿಗೆ ಗೊತ್ತಿತ್ತು" ಅಂದೆ. ಎಂಟು ವರ್ಷದಿಂದ ನನಗೆ ತಲೆನೋವು ಬಂದಾಗಲೆಲ್ಲ ಹಣೆ ಒತ್ತಿದ ಕೈ ಅದು. ತಮ್ಮನನ್ನು ಕರೆದೊಯ್ದ ರಾತ್ರಿಯೂ ಒತ್ತಿತ್ತು.

"ಅಳಬೇಡ. ನಾನು ಮೆಟ್ಟಿಲ ಹತ್ರ ಹೋಗಿ ಇನ್ಸ್‌ಪೆಕ್ಟರಿಗೆ ಫೋನ್ ಮಾಡ್ತೀನಿ, ಇಲ್ಲಿ ಸಿಗ್ನಲ್ ಇಲ್ಲ. ನೀನು ಏನೂ ಗೊತ್ತಿಲ್ಲದೋಳ ಹಾಗೆ ಮಾನಿಟರ್ ಆರಿಸ್ತಾ ಇರು. ನಿನ್ನ ಗಂಡ ಬಂದ್ರೆ ಸಿನಿಮಾದ್ದೇ ಬೇಕು ಅನ್ನು. ಆ ಮೂರನೇದರ ಕಡೆ ತಿರುಗಿಯೂ ನೋಡಬೇಡ. ಹತ್ತು ನಿಮಿಷ. ಅಷ್ಟೇ."

ಮಾವ ಹೋದರು. ನಾನು ಮುಖ ಒರೆಸಿಕೊಂಡು ಹೊರಗೆ ಬಂದೆ.

ನನ್ನ ಗಂಡ ಮೂರನೇ ಪರದೆಯ ಮುಂದೆ ನಿಂತಿದ್ದರು.

ಯಾವಾಗ ಬಂದರೋ. ಎಡಗೈ ಎತ್ತಿ ಮಾನಿಟರುಗಳನ್ನು ಜೋಡಿಸಿದ್ದ ಕಬ್ಬಿಣದ ಚೌಕಟ್ಟನ್ನು ಹಿಡಿದು, ತಲೆ ಒಂದು ಕಡೆ ವಾಲಿಸಿ, ಫೋಟೋ ನೋಡುತ್ತಿದ್ದರು. ಅಂಗಡಿಯಾಕೆ ಆಚೆ ಬೇರೆ ಗಿರಾಕಿಗೆ ಏನೋ ಹೇಳುತ್ತಿದ್ದಳು. ಓಡಿಹೋಗೋಣ ಅನ್ನಿಸಿತು.

"ಬಾರೇ" ಅಂದರು, ತಿರುಗದೆ. "ಎಲ್ಲಿ ಹೋಗಿದ್ದೆ?"

"ಅಲ್ಲೇ. ಸಿನಿಮಾ ನೋಡ್ತಿದ್ದೆ."

"ಈ ಫೋಟೋ ಯಾಕೆ ತಂದೆ?"

"ಬಾಯಿಪಾಠ ಇರೋದು ತರಬೇಕು. ಆರಿಸೋಕೆ."

"ಹ್ಞೂಂ." ಬೆರಳು ಚಾಚಿ ಕೆಳಗಿನ ಬಟನ್ ಒತ್ತಿದರು. ಬಾಗಿಲು ಕಪ್ಪಾಯಿತು. "ಈಗ ನೋಡು, ಎಷ್ಟು ಚೆನ್ನಾಗಿದೆ. ಆಗ ಏನೋ ಮಸಿ ಮಸಿ ಕಾಣ್ತಿತ್ತು."

ಕಚೇರಿಗಳ ಪ್ರಿಂಟರು, ಜೆರಾಕ್ಸ್ ಮಿಷನ್ನು ರಿಪೇರಿ ಮಾಡುವ ಬೆರಳುಗಳು. ಹುಡುಕಬೇಕಾಗಿಯೇ ಇರಲಿಲ್ಲ, ಬಟನ್ ಎಲ್ಲಿದೆ ಎಂದು ಅವಕ್ಕೆ ಗೊತ್ತಿತ್ತು.

ಸುಮ್ಮನಿರಬೇಕಿತ್ತು. ಮಾವ ಹೇಳಿದ್ದು ಅದನ್ನೇ. ಆದರೆ ಹೆದರಿಕೆ ಹೆಚ್ಚಾದಾಗ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ.

"ರೀ" ಅಂದೆ. "ಅವತ್ತು ನಾಲ್ಕು ಗಂಟೆಗೆ ಎಲ್ಲಿದ್ರಿ?"

"ಅವತ್ತು ನಾಲ್ಕು ಗಂಟೆಗಾ?"

ಒಂದು ಉಸಿರು ಬಿಟ್ಟರು.

"ಅವತ್ತು ನಾಲ್ಕು ಗಂಟೆಗೆ ಎಲ್ಲಿದ್ದೆ ಅಂದ್ರೆ... ಕೆಲಸದಲ್ಲಿದ್ದೆ. ಹೇಳಿದ್ನಲ್ಲ."

ಎರಡು ಸಲ. ಪ್ರಶ್ನೆಯನ್ನು ಎರಡು ಸಲ ಹೇಳಿದರು. ಆ ಕ್ಷಣದವರೆಗೂ ಮನಸ್ಸಿನ ಒಂದು ಮೂಲೆ ಇದೆಲ್ಲ ಸುಳ್ಳಾಗಲಿ ಎಂದು ಬೇಡುತ್ತಿತ್ತು.

ಅವರು ಬಲಗೈಯನ್ನು ನನ್ನ ಹೆಗಲ ಮೇಲಿಟ್ಟರು. ಬೆಚ್ಚಗಿತ್ತು.

"ನಿನ್ನ ಬೆರಳಚ್ಚು ಮಾವ ಎಲ್ಲಿ?"

"ಕೈ ತೊಳೆಯೋಕೆ ಹೋದ್ರು."

"ನನ್ನ ತಮ್ಮನ ಹತ್ರ ಮಾತಾಡ್ತಿದ್ರಲ್ಲ. ಗಾಜಿನಾಚೆ ಕಾಣ್ತಿತ್ತು. ಪಾಪ, ಹೆದರಿಬಿಟ್ಟಿರಬೇಕು. ಇವರು ಗುರುತು ಹಿಡಿಯೋರು ಅಂತ ಇನ್ನೂ ಅಂದ್ಕೊಂಡಿದಾನೆ." ಮೆಲ್ಲಗೆ ನಕ್ಕರು. "ಹೋದ ವರ್ಷ ಅವರ ಟೈಪ್ ಮಿಷನ್ನಿಗೆ ರಿಬ್ಬನ್ ಹಾಕಿಕೊಟ್ಟೋನು ನಾನೇ ಅಲ್ವೇನೇ? ಆ ಮಿಷನ್ನಲ್ಲಿ ಯಾರ ಬೆರಳೂ ಸಿಗಲ್ಲ."

ಅವರಿಗೆ ಗೊತ್ತು. ಎಲ್ಲವೂ ಗೊತ್ತು. ನಾನು ಮೆಟ್ಟಿಲ ಕಡೆ ಕಣ್ಣು ಹಾಯಿಸಿದೆ. ಮಾವ ಕಾಣಲಿಲ್ಲ. ಹತ್ತು ನಿಮಿಷದಲ್ಲಿ ಎಷ್ಟು ಕಳೆದಿತ್ತೋ ದೇವರಿಗೇ ಗೊತ್ತು.

"ನಾಳೆ ಹನ್ನೊಂದು ಗಂಟೆಗೆ ಕೋರ್ಟಲ್ಲಿ ಏನು ಹೇಳ್ತೀಯ?" ಎಂದು ಕೇಳಿದರು. ಊಟಕ್ಕೆ ಏನು ಮಾಡ್ತೀಯ ಎಂದು ಕೇಳುವಾಗಿನ ದನಿಯೇ.

ಅಷ್ಟರಲ್ಲಿ ಅಂಗಡಿಯಾಕೆ ಪುಸ್ತಕ ಪೆನ್ನು ಹಿಡಿದು ಬಂದಳು. "ಆಯ್ತಾ ಮೇಡಂ? ಯಾವುದು ಕಟ್ಟಿಸ್ಲಿ? ಸಿನಿಮಾದ್ದಾ, ಫೋಟೋದ್ದಾ?"

"ಇವಳು ಹೇಳಿದ್ದೇ" ಅಂದರು ನನ್ನ ಗಂಡ. "ಕಣ್ಣು ಇವಳದ್ದು. ಹೇಳೇ."

ಸಿನಿಮಾದ್ದು ಎನ್ನಬೇಕಿತ್ತು. ಒಂದು ಪದ, ಅಷ್ಟೇ. ಅಂದರೆ ಮನೆಗೆ ಹೋಗುತ್ತೇವೆ, ನಾಳೆ ಬೆಳಗಾಗುತ್ತದೆ, ನಾನು ಕಟಕಟೆಯಲ್ಲಿ ನಿಂತು "ಯಾರೂ ಇಲ್ಲ" ಅನ್ನುತ್ತೇನೆ, ಇವರು ಎಂದಿನ ಹಾಗೆ ನನ್ನ ಹಣೆ ಒತ್ತುತ್ತಾರೆ. ಬಾಯಿ ತೆರೆದೆ. ತಮ್ಮನ ಮುಖ ಕಣ್ಣ ಮುಂದೆ ಬಂತು. ಜೀಪು ಹತ್ತುವಾಗ ಅವನು ಹಿಂದೆ ತಿರುಗಿ ಕೇಳಿದ್ದ, "ಅಕ್ಕಾ, ಸರಿಯಾಗಿ ನೋಡಿದ್ಯಾ?"

ಒಂದು ಸಲ ಇದೇ ಬಾಯಿಂದ ಯಾರೂ ಇಲ್ಲ ಅಂದಿದ್ದೆ. ಇನ್ನೊಂದು ಸಲ ಅನ್ನಲಾರೆ. ಕೈ ಎತ್ತಿ ತೋರಿಸಿದೆ.

"ಮೂರನೇದು" ಅಂದೆ.

"ಒಳ್ಳೇ ಆಯ್ಕೆ ಮೇಡಂ! ಯಾರೋ ಸಿನಿಮಾ ಮೋಡಿಗೆ ಹಾಕಿಬಿಟ್ಟಿದಾರೆ, ತಾಳಿ" ಎಂದು ಆಕೆ ಬಟನ್ ಒತ್ತಿದಳು.

ಬಾಗಿಲಲ್ಲಿ ಮನುಷ್ಯ ಮತ್ತೆ ಬಂದು ನಿಂತ. ಎಡಗೈ ಎತ್ತಿ ಚೌಕಟ್ಟು ಹಿಡಿದಿದ್ದ.

ಅಂಗಡಿಯಾಕೆ ಪರದೆ ನೋಡಿದಳು. ಕಬ್ಬಿಣದ ಚೌಕಟ್ಟು ಹಿಡಿದು ನಿಂತಿದ್ದ ನನ್ನ ಗಂಡನನ್ನು ನೋಡಿದಳು. ಇನ್ನೊಮ್ಮೆ ಪರದೆ ನೋಡಿ ಬಾಯ್ತುಂಬ ನಕ್ಕಳು.

"ಅಯ್ಯೋ ಸಾರ್, ಇದು ನೀವೇ ಅಲ್ವಾ? ನಿಲ್ಲೋ ಭಂಗೀನೂ ಹಾಗೇ ಇದೆ!"

ನನ್ನ ಹೆಗಲ ಮೇಲಿದ್ದ ಕೈ ಮೆಲ್ಲಗೆ ಕತ್ತಿನ ಹಿಂದಕ್ಕೆ ಬಂತು.

"ನಡಿ" ಅಂದರು ಕಿವಿಯ ಹತ್ತಿರ. "ಕಾರು ಕೆಳಗಿದೆ."